ನಾಣಿಯ ಸೊಂಟಪಟ್ಟಿ

ಶ್ರೀ ಲಕ್ಷ್ಮೀನೃಸಿಂಹನ ಚರಣಾರವಿಂದಗಳೇ ನಮಗೆ ಗತಿ

ನಾಗಸಂದ್ರ, ಪೀಣ್ಯದ ಬಳಿ
ಶಾಲಿವಾಹನ ಶಕೆ 1907, ಕ್ರೋಧನ ನಾಮ ಸಂವತ್ಸರ, ಚೈತ್ರ ಶುದ್ಧ ದಶಮಿ, ಭಾನುವಾರ
31-3-1985

ತಂಗಿ ಚಿರಂಜೀವಿ ಸೌಭಾಗ್ಯವತಿ ಸೀತಾಲಕ್ಷ್ಮಿಗೆ ನಿನ್ನ ಅಣ್ಣ ಕೃಷ್ಣಸ್ವಾಮಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅತ್ತಿಗೆ ವೆಂಕಟಲಕ್ಷ್ಮಿಯೂ ಕ್ಷೇಮ. ಮೈಸೂರಿನಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲವೆಂದು ನಿನ್ನ ಕಾಗದವೇ ಹೇಳಿರುವಾಗ ಆ ಮಾತನ್ನು ಹೇಗೆ ಬರೆಯಲಿ?

ಆ ಕಾಗದ ಬಂದು ಇಪ್ಪತ್ತಮೂರು ದಿನಗಳಾದವು. ಉತ್ತರ ತಡವಾದುದಕ್ಕೆ ಕ್ಷಮಿಸು. ಕೆಲಸದ ಒತ್ತಡವೆಂದರೆ ಸುಳ್ಳಾದೀತು. ನಾಲ್ಕು ಸಲ ಬರೆಯಲು ಕುಳಿತೆ. ನಾಲ್ಕು ಸಲವೂ ನಿನ್ನ ಹೆಸರಿನ ಹಿಂದೆ ‘ಸೌಭಾಗ್ಯವತಿ’ ಎಂದು ಬರೆಯುವಲ್ಲಿ ಲೇಖನಿ ತಡೆದು ನಿಂತಿತು. ಆ ಒಂದು ಪದದೊಳಗೆ ನಿನ್ನ ಯಜಮಾನರ ಆಯುಸ್ಸೂ ಅಡಗಿದೆಯಲ್ಲವೆ? ತಂಗಿಯನ್ನು ಹರಸಿದರೆ ಶತ್ರುವನ್ನೂ ಹರಸಿದಂತೆ. ಇಂದು ಬೆಳಿಗ್ಗೆ ಆರಾಧನೆ ಮುಗಿಸಿದ ಮೇಲೆ ಮನಸ್ಸನ್ನು ಕಲ್ಲು ಮಾಡಿಕೊಂಡು ಬರೆದುಬಿಟ್ಟೆ. ಹನ್ನೊಂದು ವರ್ಷಗಳಿಂದ ನಾನು ಬರೆಯದ ಇನ್ನೊಂದು ಹೆಸರಿದೆ, ನಿನ್ನ ಯಜಮಾನರದು: ಜಯಸಿಂಹ. ಅದನ್ನೂ ಇಲ್ಲಿ ಒಮ್ಮೆ ಬರೆದು ನಿಲ್ಲಿಸುತ್ತೇನೆ.

ನಿನ್ನ ಯಜಮಾನರಿಗೆ ಅಂತ್ರವೃದ್ಧಿಯಾಗಿದೆ, ಬಲಗಡೆಯ ತೊಡೆಯ ಸಂದಿಗೆ ಕರುಳು ಇಳಿಯುತ್ತಿದೆ, ಹೃದಯ ದುರ್ಬಲವಾದ್ದರಿಂದ ಶಸ್ತ್ರಚಿಕಿತ್ಸೆಗೆ ವೈದ್ಯರು ಒಪ್ಪುತ್ತಿಲ್ಲ, ಅಂಗಡಿಯಿಂದ ತಂದ ಎರಡು ಸೊಂಟಪಟ್ಟಿಗಳೂ ನಿಲ್ಲದೆ ಜಾರಿದವು ಎಂದು ತಿಳಿಸಿದ್ದೀಯೆ. ‘ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ಅಯ್ಯಂಗಾರ್ರು ಮೈ ಅಳತೆ ತೊಗೊಂಡು ಮಾಡಿಕೊಡ್ತಾರೆ, ಅವರ ಹತ್ರ ಹೋಗಿ ಅಂತ ಡಾಕ್ಟರೇ ಹೇಳಿದ್ರು ಅಣ್ಣ. ಆ ಅಯ್ಯಂಗಾರ್ರು ನನ್ನ ಅಣ್ಣ ಅಂತ ನಾನು ಅವರಿಗೆ ಹೇಳಲಿಲ್ಲ’ ಎಂದಿದ್ದೀಯೆ. ಆ ವಾಕ್ಯವನ್ನು ಓದಿ ನಿನ್ನ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ.

ಡಾಕ್ಟರು ಹೇಳಿದ್ದು ನಿಜ. ಕಾರ್ಖಾನೆಯ ಸ್ಪ್ರಿಂಗ್ ವಿಭಾಗದಿಂದ ನಿವೃತ್ತನಾದ ಮೇಲೆ ಈ ಏಳು ವರ್ಷ ನಾನು ಬೇರೇನನ್ನೂ ಮಾಡಿಲ್ಲ. ಬಾಗಿಸಿದ ಉಕ್ಕಿನ ತಗಡು ಸೊಂಟವನ್ನು ಸುತ್ತಿ ಬರಬೇಕು. ಅದರ ತುದಿಯ ಮೆತ್ತೆ ಕರುಳು ಇಳಿಯುವ ಜಾಗದ ಮೇಲೆ ಕೂರಬೇಕು. ಆ ಮೆತ್ತೆಯ ಒತ್ತಡವನ್ನು ಹೆಚ್ಚಿಸಲು, ತಗ್ಗಿಸಲು ಒಂದು ತಿರುಪು ಇರಬೇಕು. ಮಡಿಯಲ್ಲಿ ಚರ್ಮ ಸಲ್ಲದೆಂದು ನಾನು ಚರ್ಮವನ್ನೇ ಮುಟ್ಟದೆ, ಅರಳೆಗೆ ಬಟ್ಟೆ ಹೊದಿಸಿ ಮಾಡುತ್ತೇನೆ. ಪಟ್ಟಿ ಕಟ್ಟಿಕೊಂಡೇ ಸಂಧ್ಯಾವಂದನೆಗೆ ಕೂರಬಹುದು. ಈ ಕ್ರಮವನ್ನು ನಾನು ಮೊದಲು ಯಾರಿಗಾಗಿ ಕಂಡುಕೊಂಡೆನೆಂಬುದು ನಿನಗೆ ತಿಳಿಯದ್ದೇನಲ್ಲ. ಆ ಮೊದಲ ಮೆತ್ತೆಗೂ ತಗಡಿಗೂ ಅಮ್ಮನ ನೇರಳೆ ಬಣ್ಣದ ಪಟ್ಟೆಸೀರೆಯನ್ನು ಕತ್ತರಿಸಿ ಹೊಲಿಗೆ ಹಾಕಿದವಳು ನೀನೇ.

ಹಳೆಯದನ್ನು ಮರೆ ಎನ್ನುತ್ತೀಯೆ. ಮರೆಯಬೇಕಾದುದು ಯಾವುದೆಂದು ಒಮ್ಮೆ ಎಣಿಸಿ ನೋಡೋಣ.

ಅಮ್ಮ ತೀರಿಕೊಂಡಾಗ ನಮ್ಮ ತಮ್ಮ ನಾಣಿಗೆ ಐದು ವರ್ಷ. ನನ್ನ ಹೆಗಲ ಮೇಲೆ ಬೆಳೆದವನು. ನನ್ನ ಕಾರ್ಖಾನೆಯಲ್ಲೇ ಎರಕದ ವಿಭಾಗಕ್ಕೆ ಸೇರಿದ. ಭಾರ ಎತ್ತಿ ಎತ್ತಿ ಮೂವತ್ತೊಂದಕ್ಕೆ ಈ ರೋಗ ತಂದುಕೊಂಡ. ಸಂಕೋಚದ ಪ್ರಾಣಿ. ದೀಪಾವಳಿ ಕಳೆದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಒಪ್ಪಿಕೊಂಡಿದ್ದ. ಅಲ್ಲಿಯವರೆಗೆ ನಾನು ಮಾಡಿದ ಪಟ್ಟಿ. ಅದನ್ನು ಕಟ್ಟಿಕೊಂಡ ದಿನ ‘ಅಣ್ಣ, ಯಾರೋ ಕೈ ಇಟ್ಟು ಹಿಡ್ಕೊಂಡ ಹಾಗಿದೆ’ ಎಂದು ನಕ್ಕಿದ್ದ.

ಅದೇ ಕಾರ್ಖಾನೆಯಲ್ಲಿ ನಿನ್ನ ಯಜಮಾನರು ಕಾವಲು ಅಧಿಕಾರಿ. ಹಿತ್ತಾಳೆಯ ಸಾಮಾನು ಕಳುವಾಗುತ್ತಿದ್ದ ಕಾಲ. ಮೊದಲ ಪಾಳಿ ಬಿಟ್ಟು ಜನ ಗೇಟಿನಲ್ಲಿ ಸಾಲುಗಟ್ಟಿದ್ದಾಗ ಕಾವಲುಗಾರನ ಕೈಗೆ ನಾಣಿಯ ಸೊಂಟದ ಉಕ್ಕು ತಗುಲಿತು. ತಮ್ಮ ಕೋಣೆಯಿಂದ ಎದ್ದು ಬಂದರು ನಿನ್ನ ಯಜಮಾನರು.

‘ಏನದು?’

‘ಭಾವ, ಅದು ನನ್ನ ಪಟ್ಟಿ. ನಿಮಗೆ ಗೊತ್ತಲ್ಲ...’

‘ಇಲ್ಲಿ ಭಾವ ಗೀವ ಅನ್ನಬೇಡ. ಸಾರ್ ಅನ್ನು. ಕೈ ಎತ್ತು. ಬಿಚ್ಚು.’

ಇನ್ನೂರು ಜನರ ಎದುರಿಗೆ ಆ ಸಂಕೋಚದ ಪ್ರಾಣಿ ಷರಟು ಎತ್ತಿ ಹಿಡಿದು ಬಿಚ್ಚಿಕೊಟ್ಟ. ಸಾಲಿನಿಂದ ಒಬ್ಬ ಕೂಗಿದನಂತೆ: ‘ಲೇ, ಅಯ್ಯಂಗಾರ್ರು ಒಡ್ಯಾಣ ಹಾಕ್ಕೊಂಡವ್ರೆ ಕಣ್ರೋ!’ ಆಮೇಲೆ ನಕ್ಕ ನಗು ಸ್ಪ್ರಿಂಗ್ ವಿಭಾಗದಲ್ಲಿದ್ದ ನನಗೂ ಕೇಳಿಸಿತು. ಏಕೆ ನಗುತ್ತಿದ್ದಾರೆಂದು ಮಾತ್ರ ತಿಳಿಯಲಿಲ್ಲ. ಪಟ್ಟಿ ಹಿಂದಿರುಗಿ ಬರಲಿಲ್ಲ. ಪರವಾನಗಿಯಿಲ್ಲದ ಲೋಹವೆಂದು ಇಟ್ಟುಕೊಂಡರು. ಆ ಮೆತ್ತೆಯ ಮೇಲಿನ ಹೊಲಿಗೆ ತಮ್ಮ ಹೆಂಡತಿಯದೆಂದು ಅವರಿಗೆ ಗೊತ್ತಿರಲಿಲ್ಲವೆ?

ಇನ್ನೊಂದು ಮಾಡಿಕೊಡುತ್ತೇನೆಂದೆ. ‘ಬೇಡ ಅಣ್ಣ, ಇನ್ನು ಆ ಪಟ್ಟಿ ಬೇಡವೇ ಬೇಡ’ ಎಂದ. ಅವಮಾನ ಅವನನ್ನು ಹಾಗೆ ಸುಟ್ಟಿತ್ತು. ಹದಿನೇಳನೆಯ ದಿನ ಅಚ್ಚೊಂದನ್ನು ಎತ್ತುವಾಗ ಕರುಳು ಇಳಿದು ಸಿಕ್ಕಿಕೊಂಡಿತು. ಯಾರಿಗೂ ಹೇಳದೆ ಪಾಳಿ ಮುಗಿಸಿದ. ಮಾರನೆಯ ದಿನ ಆಸ್ಪತ್ರೆ. ಅದರ ಮಾರನೆಯ ದಿನ ನಾನು ನನ್ನ ತಮ್ಮನಿಗೆ ಕೊಳ್ಳಿಯಿಟ್ಟೆ.

ಸೀತೆ, ಅಂದಿನಿಂದ ನಾನು ಪ್ರತಿದಿನ ನೃಸಿಂಹನಲ್ಲಿ ಬೇಡಿದ್ದು ಒಂದೇ. ಹೊಟ್ಟೆಯನ್ನು ಸೀಳುವ ದೇವರಲ್ಲಿ ಬೇರೇನನ್ನು ಬೇಡಲಿ? ಈಗ ನಿನ್ನ ಕಾಗದ ಬಂದಿದೆ. ಅವರ ಹೊಟ್ಟೆಯೇ ಸೀಳಿದೆ. ಸೀಳಿದ್ದನ್ನು ಹಿಡಿದು ನಿಲ್ಲಿಸಲು ನನ್ನ ಕೈಯೇ ಬೇಕಾಗಿದೆ. ಭಗವಂತ ಕಿವುಡನಲ್ಲ.

ಪಟ್ಟಿ ಕಟ್ಟಿಕೊಡುತ್ತೇನೆ. ಆದರೆ ಎರಡು ಷರತ್ತು. ಒಂದು, ಅವರು ನನ್ನ ಷೆಡ್ಡಿನ ಹೊಸ್ತಿಲಲ್ಲಿ ನಿಂತು, ಕಾದಿರುವ ಜನರ ಎದುರಿಗೆ, ಕೈಯೆತ್ತಿ ತಪಾಸಣೆ ಕೊಡಬೇಕು. ಎರಡು, ನಾನು ಹೊಸ ಪಟ್ಟಿ ಮಾಡುವುದಿಲ್ಲ. ನಾಣಿಯಿಂದ ಕಸಿದುಕೊಂಡ ಅದೇ ಪಟ್ಟಿಯನ್ನು ತರಲಿ, ಅದನ್ನೇ ಕಟ್ಟುತ್ತೇನೆ. ಅದನ್ನು ಎಂದೋ ಗುಜರಿಗೆ ಎಸೆದಿರುತ್ತಾರೆಂದು ಬಲ್ಲೆ. ಬಲ್ಲೆನೆಂದೇ ಕೇಳುತ್ತಿದ್ದೇನೆ.

ಇದು ಕ್ರೌರ್ಯವೆನಿಸಿದರೆ ನಿನ್ನ ಅಣ್ಣನನ್ನು ಮರೆತುಬಿಡು. ನಿನಗೆ ಶುಭವಾಗಲಿ.

ಇಂತು ನಿನ್ನ ಅಣ್ಣ,
ಕೃಷ್ಣಸ್ವಾಮಿ

---

ಕಂಬದಲ್ಲಿ ಕಾದಿದ್ದ ಸ್ವಾಮಿಗೆ ಶರಣು

ನಾಗಸಂದ್ರ
ಕ್ರೋಧನ ಸಂವತ್ಸರ, ವೈಶಾಖ ಪೌರ್ಣಮಿ, ಶನಿವಾರ
4-5-1985

ಚಿರಂಜೀವಿ ಸೌಭಾಗ್ಯವತಿ ಸೀತಾಲಕ್ಷ್ಮಿಗೆ ಆಶೀರ್ವಾದಗಳು.

ನಿನ್ನ ಯಜಮಾನರು ಇಂದು ಬೆಳಗಿನ ರೈಲಿಗೆ ಹೊರಟಿದ್ದಾರೆ. ಈ ಕಾಗದ ತಲುಪುವಷ್ಟರಲ್ಲಿ ಅವರು ನಿನ್ನೆದುರಿಗೆ ಇರುತ್ತಾರೆ; ಆದರೂ ನಡೆದುದನ್ನು ಅವರು ಹೇಳಲಾರರೆಂದು ನಾನು ಬರೆಯುತ್ತಿದ್ದೇನೆ. ಕಳೆದ ಬಾರಿಯ ಹಾಗೆ ತಡ ಮಾಡಿಲ್ಲ.

ನಿನ್ನೆ ನೃಸಿಂಹ ಜಯಂತಿ. ಉಪವಾಸದಲ್ಲಿದ್ದೆ. ಸಂಜೆ ಪೂಜೆಗೆ ಮುನ್ನ ಷೆಡ್ಡಿನಲ್ಲಿ ಉಳಿದಿದ್ದವರು ಇಬ್ಬರು: ಮೆತ್ತೆ ಹೊಲಿದುಕೊಡುವ ಮುನಿಯಕ್ಕ, ಮತ್ತು ಪಟ್ಟಿ ಸಡಿಲವಾಯಿತೆಂದು ಬಂದಿದ್ದ ಈ ಊರಿನ ನಂಜಪ್ಪ. ನಂಜಪ್ಪ ತನ್ನ ಹೊಲಗಳನ್ನೆಲ್ಲ ಕಾರ್ಖಾನೆಗಳಿಗೆ ಕೊಟ್ಟು, ಈಗ ಬಾಡಿಗೆ ಮನೆಗಳ ಯಜಮಾನನಾಗಿ, ಕೂತಲ್ಲಿ ಕೂರಲಾರದೆ ಒದ್ದಾಡುವ ಮನುಷ್ಯ. ‘ಸಾಮೀ, ಒಲ ಇದ್ದಾಗ ಮೂಟೆ ಒತ್ತರೂ ಏನೂ ಆಗ್ಲಿಲ್ಲ. ಈಗ ಕೆಮ್ಮಿದ್ರೆ ಕರುಳು ಬತ್ತದೆ!’ ಎಂದು ನಗಿಸುತ್ತಿದ್ದ. ‘ಕೆಮ್ಮಿಗಲ್ಲ ಕಣಣ್ಣ, ನೀನು ಬಾಡ್ಗೆ ಕೇಳಾಕೆ ಕೂಗ್ತೀಯ, ಅದ್ಕೆ’ ಎಂದಳು ಮುನಿಯಕ್ಕ.

ಆ ನಗುವಿನ ನಡುವೆ ಬಾಗಿಲಿಗೆ ನೆರಳು ಬಿತ್ತು. ನಾನು ತಲೆಯೆತ್ತಿದೆ. ಗುರುತು ಸಿಕ್ಕಲಿಲ್ಲ, ಸೀತೆ. ಖಾಕಿ ತೊಟ್ಟು ಗೇಟಿನಲ್ಲಿ ನಿಲ್ಲುತ್ತಿದ್ದ ಆ ಆಳು ಎಲ್ಲಿ, ಪಂಚೆಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ನಿಂತಿದ್ದ ಈ ಮುದುಕರೆಲ್ಲಿ!

‘ಬಂದ್ಬಿಟ್ಟೆ ಭಾವ. ನಿಮ್ಮ ಷರತ್ತು ಎರಡೂ ಓದ್ದೆ’ ಎಂದರು.

ಹನ್ನೊಂದು ವರ್ಷ ಮನಸ್ಸಿನಲ್ಲಿ ಸಾಣೆ ಹಿಡಿದಿಟ್ಟಿದ್ದ ಮಾತು ನನ್ನ ಬಾಯಿಂದ ತಾನಾಗಿ ಹೊರಬಂತು.

‘ಇಲ್ಲಿ ಭಾವ ಗೀವ ಅನ್ನಬೇಡ. ಸಾರ್ ಅನ್ನು. ಕೈ ಎತ್ತು.’

ಎಂದೂ ಅವರನ್ನು ಏಕವಚನದಲ್ಲಿ ಕರೆದವನಲ್ಲ ನಾನು. ಅವರು ಕೈಚೀಲವನ್ನು ಕೆಳಗಿಟ್ಟರು. ಎರಡು ಕೈಗಳನ್ನೂ ಎತ್ತಿದರು. ‘ಆಗ್ಲಿ ಸಾರ್’ ಎಂದರು.

ನಾನು ತಡಕಿದೆ. ಹೆಗಲು, ಪಕ್ಕೆ, ಸೊಂಟ. ಪಕ್ಕೆಯ ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ನಿಧಾನವಾಗಿ ತಡಕಿದೆ, ಯಾರಾದರೂ ನಗಲಿ ಎಂದು ಕಾದು ತಡಕಿದೆ. ಆ ನಗು ನನಗೆ ಬೇಕಾಗಿತ್ತು. ಒಬ್ಬನಾದರೂ ಒಡ್ಯಾಣದ ಮಾತಾಡಲಿ ಎಂದು ಕಿವಿ ಹಾತೊರೆಯುತ್ತಿತ್ತು. ಮುನಿಯಕ್ಕ ಸೂಜಿ ನಿಲ್ಲಿಸಿ ಬಾಯಿಗೆ ಸೆರಗು ಹಿಡಿದಳು. ‘ಬುಡಿ ಸಾಮೀ, ವಯಸ್ಸಾದೋರು. ಕದ್ಕೊಂಡ್ ಓಗಾಕೆ ನಿಮ್ತಾವ ಏನೈತೆ?’ ಎಂದ ನಂಜಪ್ಪ. ಅವನ ಮಾತಿನಲ್ಲಿ ತಮಾಷೆಯಿರಲಿಲ್ಲ. ತನ್ನ ಪಟ್ಟಿಯನ್ನು ನಾಳೆ ಬಿಗಿ ಮಾಡಿಸಿಕೊಳ್ಳುತ್ತೇನೆಂದು ಎದ್ದು, ಮುನಿಯಕ್ಕನನ್ನೂ ಕಣ್ಸನ್ನೆಯಲ್ಲಿ ಕರೆದುಕೊಂಡು ಹೊರಟುಹೋದ. ನನ್ನ ಸೇಡಿಗೆ ಸಾಕ್ಷಿ ನಿಲ್ಲಲು ಯಾರೂ ಉಳಿಯಲಿಲ್ಲ.

‘ಎರಡನೇ ಷರತ್ತು?’ ಎಂದೆ. ಅದರಲ್ಲಿ ಅವರನ್ನು ಕೆಡವಬಹುದೆಂಬ ಧೈರ್ಯ ಇನ್ನೂ ಇತ್ತು.

ಅವರು ಚೀಲದಿಂದ ಒಂದು ಬಿಳಿಯ ಟವೆಲಿನ ಗಂಟು ತೆಗೆದು ಬಿಚ್ಚಿದರು. ನಾಣಿಯ ಪಟ್ಟಿ. ತುಕ್ಕು ಹಿಡಿದಿರಲಿಲ್ಲ, ಎಣ್ಣೆ ಸವರಿ ಇಟ್ಟಿದ್ದರು. ಅಮ್ಮನ ಸೀರೆಯ ನೇರಳೆ ಮಾಸಿತ್ತು. ಪಟ್ಟೆಯ ಹೊಲಿಗೆ ಒಂದು ಕಡೆ ಬಿಚ್ಚಿ ಒಳಗಿನ ಉಕ್ಕು ಕಾಣುತ್ತಿತ್ತು. ಗೇಟಿನಲ್ಲಿ ಹಿಡಿದ ವಸ್ತುಗಳಿಗೆ ಕಟ್ಟುವ ರಟ್ಟಿನ ಚೀಟಿ ಇನ್ನೂ ತಂತಿಯಲ್ಲಿ ತೂಗುತ್ತಿತ್ತು.

‘ಚೀಟಿ ಓದ್ಕೊಳ್ಳಿ ಸಾರ್. ಸೀತೆಗೆ ತೋರಿಸಿಲ್ಲ. ತೋರಿಸೋದೂ ಇಲ್ಲ’ ಎಂದರು.

ಓದಿದೆ. ಅದರಲ್ಲಿ ಏನಿತ್ತೆಂಬುದನ್ನು ಕಾಗದದ ಕೊನೆಯಲ್ಲಿ ಬರೆಯುತ್ತೇನೆ. ಇಲ್ಲಿ ಬರೆದರೆ ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ.

ಅವರನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿದೆ. ಈ ಕೆಲಸದಲ್ಲಿ ಮೀರಬಾರದ ನಿಯಮ ಒಂದೇ. ಇಳಿದ ಕರುಳು ಪೂರ್ತಿ ಒಳಗೆ ಹೋದ ಮೇಲೆ ಪಟ್ಟಿ ಬಿಗಿಯಬೇಕು. ಅದು ಹೊರಗಿರುವಾಗಲೇ ಮೆತ್ತೆಯಿಟ್ಟು ತಿರುಪು ತಿರುಗಿಸಿದರೆ ಕರುಳು ಹಿಸುಕಿ, ರಕ್ತ ನಿಂತು, ಎರಡು ದಿನದಲ್ಲಿ ಮನುಷ್ಯ ಇಲ್ಲವಾಗುತ್ತಾನೆ, ನಾಣಿ ಇಲ್ಲವಾದ ಹಾಗೆ. ಹೊರಗಿನವರು ರೋಗ ಉಲ್ಬಣಿಸಿತೆಂದು ತಿಳಿಯುತ್ತಾರೆ, ಅಷ್ಟೆ.

ನಿಂಬೆಯ ಗಾತ್ರದಷ್ಟು ಕರುಳು ಇನ್ನೂ ಹೊರಗಿತ್ತು. ‘ಒಳಗೆ ಹೋಯ್ತಾ ಸಾರ್?’ ಎಂದು ಕೇಳಿದರು. ಮೆತ್ತೆಯನ್ನು ಅದರ ಮೇಲೆ ಇಟ್ಟೆ. ಹೊರಗೆ ಹಗಲೂ ಅಲ್ಲ, ಕತ್ತಲೂ ಅಲ್ಲ. ಪೂಜೆಗೆ ಹೂ ಜೋಡಿಸುತ್ತ ನಿನ್ನ ಅತ್ತಿಗೆ ಮನೆಯೊಳಗೆ ಸ್ತೋತ್ರ ಹೇಳುತ್ತಿದ್ದಳು. ನನ್ನ ತೊಡೆಗೆ ಒರಗಿದಂತಿದ್ದ ಹಲಗೆಯ ಮೇಲೆ ನನ್ನ ಶತ್ರುವಿನ ಬರಿಯ ಹೊಟ್ಟೆ. ಹನ್ನೊಂದು ವರ್ಷ ಬೇಡಿದ್ದನ್ನು ಸ್ವಾಮಿ ಒಂದು ಕೂದಲೂ ಕೊಂಕದಂತೆ ತಂದು ಮುಂದಿಟ್ಟಿದ್ದ. ಬೆರಳು ತಿರುಪಿನ ಮೇಲಿತ್ತು. ಅರ್ಧ ಸುತ್ತು ತಿರುಗಿಸಿದೆ.

ಅವರ ಕಾಲ್ಬೆರಳುಗಳು ಸೆಟೆದುಕೊಂಡವು. ಕೂಗಲಿಲ್ಲ. ಕಣ್ಣುಮುಚ್ಚಿಕೊಂಡು, ‘ನಾಣಿನೂ ಅವತ್ತು ಹೀಗೇ, ಏನೂ ಹೇಳ್ದೆ ನಿಂತಿದ್ದ ಸಾರ್’ ಎಂದರು.

ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಮೆತ್ತೆ ತೆಗೆದು ಪಕ್ಕಕ್ಕಿಟ್ಟೆ. ಮಂಡಿ ಮಡಿಸಿರೆಂದು ಹೇಳಿ, ಅಂಗೈಯನ್ನು ಬೆಚ್ಚಗೆ ಉಜ್ಜಿಕೊಂಡು, ಮೆಲ್ಲಗೆ ಒತ್ತುತ್ತ ಕಾದೆ. ಹೊತ್ತು ಹಿಡಿಯಿತು. ಒಳಗೆ ದೀಪ ಹಚ್ಚಿದ ನಿನ್ನ ಅತ್ತಿಗೆ ಎರಡು ಸಲ ಕರೆದಳು. ಪೂಜೆಯ ಮುಹೂರ್ತ ದಾಟುತ್ತಿತ್ತು, ದಾಟಲಿ ಎಂದೆ. ಕೊನೆಗೆ ಅದು ಗುಳಕ್ಕೆಂದು ಒಳಸೇರಿತು. ಆಮೇಲೆ ಪಟ್ಟಿ ಕಟ್ಟಿದೆ. ನಾಣಿಗೆ ಏಳನೆಯ ರಂಧ್ರಕ್ಕೆ ಹಾಕುತ್ತಿದ್ದೆ. ಇವರ ಸೊಂಟಕ್ಕೂ ಅದೇ ಏಳನೆಯದು ಸರಿಹೋಯಿತು.

ಇದನ್ನು ಕ್ಷಮೆಯೆಂದು ಭಾವಿಸಬೇಡ. ಅವರು ಬಹುಕಾಲ ಬದುಕಬೇಕು. ನನ್ನ ಸೇಡಿಗೆ ಅವರ ದೀರ್ಘಾಯುಸ್ಸು ಬೇಕು. ಪ್ರತಿದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು, ಮಲಗಿದ್ದಂತೆಯೇ ಅದನ್ನು ಕಟ್ಟಿಕೊಳ್ಳಲಿ. ಕೆಮ್ಮುವಾಗ, ಸೀನುವಾಗ, ದೇವರಿಗೆ ಬಗ್ಗಿ ನಮಸ್ಕರಿಸುವಾಗ ನಾಣಿಯ ಕೈ ಅವರ ಹೊಟ್ಟೆಯನ್ನು ಒತ್ತಿ ಹಿಡಿಯಲಿ. ಬಿಚ್ಚಿದ್ದ ಪಟ್ಟೆಯ ಹೊಲಿಗೆಯನ್ನು ನಾನು ಹಾಗೆಯೇ ಬಿಟ್ಟಿದ್ದೇನೆ. ಹಾಕಬೇಕಾದವಳು ನೀನು. ಮೂರು ತಿಂಗಳಿಗೊಮ್ಮೆ ತಿರುಪು ನೋಡಿಸಲು ಅವರು ನನ್ನ ಬಾಗಿಲಿಗೆ ಬರಲೇಬೇಕು. ಬೇರೆ ಯಾರ ಕೈಗೂ ಕೊಡಬಾರದು.

ರಾತ್ರಿ ಪಾನಕ, ಕೋಸಂಬರಿಯ ಪ್ರಸಾದವನ್ನು ನಿನ್ನ ಅತ್ತಿಗೆ ಇಬ್ಬರಿಗೂ ಒಂದೇ ಸಾಲಿನಲ್ಲಿ ಬಡಿಸಿದಳು. ಎಲೆ ಎತ್ತುವಾಗ ಬಗ್ಗಬೇಡಿರೆಂದು ಹೇಳಿ ಅವರ ಎಲೆಯನ್ನು ನಾನೇ ಎತ್ತಿದೆ.

ನಿನ್ನ ಮನೆ ಬೆಳಗಲಿ.

ಇಂತು ನಿನ್ನ ಅಣ್ಣ,
ಕೃಷ್ಣಸ್ವಾಮಿ

ಮರೆತ ಮಾತು ಎಂದು ಬರೆಯಲಾರೆ. ಮರೆಯದೆ ಇದ್ದ ಮಾತು:

ಆ ಚೀಟಿಯಲ್ಲಿ, ಅಂದು ಗೇಟಿನ ಕೋಣೆಯಲ್ಲಿ ಬರೆದುಕೊಟ್ಟ, ನಾಣಿಯ ಕೈಬರಹವಿದೆ. ‘ಈ ಉಕ್ಕಿನ ತಗಡನ್ನು ಕಾರ್ಖಾನೆಯಿಂದ ನಾನೇ ತೆಗೆದುಕೊಂಡೆ. ನನ್ನ ಅಣ್ಣನಿಗೆ ಇದು ಗೊತ್ತಿಲ್ಲ.’ ಕೆಳಗೆ ಅವನ ರುಜು.

ಸೀತೆ, ಆ ತಗಡನ್ನು ತೆಗೆದವನು ನಾನು. ಅಂಥ ಉಕ್ಕು ನನ್ನ ವಿಭಾಗದಲ್ಲಿ ಮಾತ್ರ ಇತ್ತು. ಅದರ ಮೇಲೆ ವಿಭಾಗದ ಮುದ್ರೆಯೂ ಇತ್ತು. ಆ ಮುದ್ರೆಯನ್ನು ಮುಚ್ಚಲೆಂದೇ ನಾನು ನಿನ್ನಿಂದ ಪಟ್ಟೆ ಹೊಲಿಸಿದ್ದು. ಮಡಿಯ ನೆಪ ಆಮೇಲಿನದು. ಅರ್ಜಿ ಬರೆದು ಕೇಳಿದ್ದರೆ ಗುಜರಿಯ ತುಂಡೆಂದು ಹೊರಗೆ ಒಯ್ಯಲು ಗೇಟ್ ಪಾಸ್ ಸಿಗುತ್ತಿತ್ತು. ಆದರೆ ಆ ಪಾಸಿಗೆ ಜಯಸಿಂಹರ ರುಜು ಬೇಕಾಗಿತ್ತು. ಹೆಣ್ಣು ಕೊಟ್ಟ ಮನೆಯ ಹಿರಿಯ ನಾನು. ತಂಗಿಯ ಗಂಡನ ಮುಂದೆ ಹೋಗಿ ‘ದಯಮಾಡಿ’ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅದನ್ನು ಸೊಂಟಕ್ಕೆ ಸುತ್ತಿಕೊಂಡು ಗೇಟಿನಲ್ಲಿ ನಡೆದು ಬಂದೆ. ಕಾವಲುಗಾರರು ನನ್ನ ಹಣೆಯ ನಾಮ ನೋಡಿ ಕೈಮುಗಿದು ಬಿಟ್ಟರು.

ಹೊಲಿಗೆ ಬಿಚ್ಚಿ ಮುದ್ರೆಯನ್ನು ಕಂಡ ಕೂಡಲೇ ಜಯಸಿಂಹರಿಗೆ ಎಲ್ಲವೂ ತಿಳಿದಿತ್ತು. ವರದಿ ಮಾಡಿದ್ದರೆ ಅಂದೇ ನನ್ನ ಕೆಲಸ, ನನ್ನ ಮಾನ, ಎಲ್ಲವೂ ಹೋಗುತ್ತಿತ್ತು. ಮಾಡಲಿಲ್ಲ. ನಾಣಿಯ ಚೀಟಿಯನ್ನು ಕಟ್ಟಿ ತಮ್ಮ ಬೀರುವಿನಲ್ಲಿಟ್ಟರು. ಜನರೆದುರು ಅವನನ್ನು ಬಿಚ್ಚಿಸಿದ್ದು ಅವರ ಪಾಪ. ಅದನ್ನು ಅವರು ಇಲ್ಲವೆನ್ನಲಿಲ್ಲ. ‘ಇನ್ನು ಆ ಪಟ್ಟಿ ಬೇಡ’ ಎಂದು ನಾಣಿ ಅಂದದ್ದು ಮಾತ್ರ ಅವಮಾನದಿಂದಲ್ಲ. ಅಣ್ಣ ಇನ್ನೊಂದು ತಗಡು ಕದಿಯದಿರಲಿ ಎಂದು. ನನಗೆ ಇದು ಅಂದೇ ತಿಳಿದಿತ್ತು. ತಿಳಿದೇ ಹನ್ನೊಂದು ವರ್ಷ ಇನ್ನೊಬ್ಬರ ಹೊಟ್ಟೆ ಸೀಳೆಂದು ದೇವರನ್ನು ಕಾಡಿದೆ. ನಿನ್ನೆ ತಿರುಪನ್ನು ತಿರುಗಿಸಿದಾಗ ನನ್ನ ಕೈಯಲ್ಲಿದ್ದುದು ಸೇಡಲ್ಲ. ಈ ಗುಟ್ಟನ್ನು ಬಲ್ಲ ಒಬ್ಬನೇ ಮನುಷ್ಯ ಇಲ್ಲವಾಗಲಿ ಎಂಬ ಆಸೆ.

ಸೇಡು ತೀರಿಲ್ಲ. ಅದು ಯಾರ ಮೇಲೆ ತೀರಬೇಕೋ ಅವನೊಬ್ಬ ಉಳಿದಿದ್ದಾನೆ. ಬರುವ ಏಕಾದಶಿ ಕಳೆದು ಮೈಸೂರಿಗೆ ಬಂದು ನಿನ್ನ ಹೊಸ್ತಿಲಲ್ಲಿ ಕೈಯೆತ್ತಿ ನಿಲ್ಲುತ್ತೇನೆ. ಅಣ್ಣ ಎನ್ನಬೇಡ. ತಡಕು. ಏನು ಸಿಕ್ಕರೂ ಬೀದಿಯವರಿಗೆಲ್ಲ ಕಾಣುವಂತೆ ಹೊರಗೆ ಇಡು.

ಜಯಸಿಂಹರಿಗೆ ನೂರು ವರ್ಷ ಆಯುಸ್ಸಾಗಲಿ. ನೀನು ದೀರ್ಘಸುಮಂಗಲಿಯಾಗಿರು; ಈ ಸಲ ಲೇಖನಿ ತಡೆಯಲಿಲ್ಲ. ಅಂದು ಗೇಟಿನಲ್ಲಿ ನಕ್ಕವರಿಗೂ, ನಿನ್ನೆ ನಗದೆ ಎದ್ದುಹೋದವರಿಗೂ ಒಳ್ಳೆಯದಾಗಲಿ. ನಮ್ಮ ನಾಣಿ ಎಲ್ಲಿದ್ದರೂ ಯಾರೂ ಅವನನ್ನು ನಿಲ್ಲಿಸಿ ಕೇಳದ ಬಾಗಿಲಿನಲ್ಲಿ ಒಳಗೆ ಹೋಗಿರಲಿ.